ಎಡ ಮೂಲೆಯ ನೀಲಿ ಗೀರು

ಭಾನುವಾರ ಬೆಳಿಗ್ಗೆ ಲಾರಿ ತೊಳೆಯುತ್ತಿದ್ದಾಗ ಅದರ ಮುಂದಿನ ಎಡ ಮೂಲೆಯಲ್ಲಿ ಒಂದು ಗೇಣುದ್ದದ ನೀಲಿ ಗೀರು ಗೆರೆ ಮೇಷ್ಟ್ರಿಗೆ ಕಂಡಿತು. ಕೈಯಲ್ಲಿದ್ದ ಪೈಪು ಜಾರಿ ಬಿತ್ತು. ನೀರು ತನ್ನ ಪಾಡಿಗೆ ತಾನು ಯಾರ್ಡಿನ ತುಂಬ ಹರಿಯಿತು. ಲಾರಿ ಅಪ್ಪಟ ಬಿಳಿ. ಈ ನೀಲಿ ಎಲ್ಲಿಂದ ಬಂತು?

ಉಗುರಿನಿಂದ ಕೆರೆದು ನೋಡಿದರು. ಲಾರಿಯ ಬಣ್ಣ ಎದ್ದಿರಲಿಲ್ಲ. ಬೇರೆ ಯಾವುದರದೋ ಬಣ್ಣ ಬಂದು ಅದರ ಮೇಲೆ ಕೂತಿತ್ತು. ಟೇಪು ತಂದು ಅಳೆದರು. ನೆಲದಿಂದ ತೊಂಬತ್ತಾರು ಸೆಂಟಿಮೀಟರು. ಸೈಕಲ್ಲಿನ ಹ್ಯಾಂಡಲ್ಲು ಹೆಚ್ಚುಕಡಿಮೆ ಅಷ್ಟೇ ಎತ್ತರ ಇರುತ್ತದೆ ಎಂದು ಹೊಳೆಯಿತು. ಹೊಳೆದದ್ದೇ ತಪ್ಪಾಯಿತು, ಆಮೇಲೆ ಬೇರೇನೂ ಹೊಳೆಯಲಿಲ್ಲ. ಬಗ್ಗಿ ಚಕ್ರದ ಸಂದಿ, ಮಡ್‌ಗಾರ್ಡಿನ ಒಳಗು, ಬೋಲ್ಟುಗಳ ಸುತ್ತ, ಎಲ್ಲವನ್ನೂ ಟಾರ್ಚು ಹಾಕಿ ಹುಡುಕಿದರು. ಏನನ್ನು ಹುಡುಕುತ್ತಿದ್ದೇನೆ ಎಂದು ತಮಗೆ ತಾವೇ ಹೇಳಿಕೊಳ್ಳುವ ಧೈರ್ಯವಿರಲಿಲ್ಲ. ಕೆಸರು ಬಿಟ್ಟರೆ ಏನೂ ಸಿಗಲಿಲ್ಲ.

ಮೇಷ್ಟ್ರೆಂದರೆ ಪಾಠ ಹೇಳುವ ಮೇಷ್ಟ್ರಲ್ಲ. ಇಪ್ಪತ್ತಾರು ವರ್ಷದಿಂದ ಲಾರಿ ಓಡಿಸುವವರು. ಯಾರ್ಡಿನ ಎರಡು ಬಿಳಿ ಗೆರೆಗಳ ನಡುವೆ, ಎರಡೂ ಕಡೆ ಕೂದಲೆಳೆಯ ವ್ಯತ್ಯಾಸವಿಲ್ಲದಂತೆ, ಒಂದೇ ಸಲಕ್ಕೆ ಹಿಂದಕ್ಕೆ ತಂದು ನಿಲ್ಲಿಸುತ್ತಿದ್ದರು. ಹೊಸ ಚಾಲಕರನ್ನು ಸೂಪರ್‌ವೈಸರ್ ಕರೆತಂದು, “ನೋಡ್ರಪ್ಪಾ, ಹಿಂಗೆ” ಎಂದು ತೋರಿಸುತ್ತಿದ್ದ. ಅಲ್ಲಿಂದ ಅಂಟಿಕೊಂಡ ಹೆಸರು.

ಎರಡು ದೊಡ್ಡ ನಗರಗಳ ನಡುವೆ ನಾನೂರ ಎಂಬತ್ತು ಕಿಲೋಮೀಟರು. ಒಬ್ಬ ಚಾಲಕ ಹೋಗಿ ಬರುವುದೆಂದರೆ ಎರಡು ದಿನದ ಮಾತು. ಹಾಗಾಗಿ ಕಂಪನಿ ದಾರಿಯನ್ನು ನಡುವೆ ಮುರಿದು ಇಬ್ಬರಿಗೆ ಹಂಚಿತ್ತು. ಬೆಳಿಗ್ಗೆ ಆರಕ್ಕೆ ಮೇಷ್ಟ್ರು ಈ ನಗರದಿಂದ ಹೊರಡಬೇಕು, ಅದೇ ಹೊತ್ತಿಗೆ ಇನ್ನೊಬ್ಬ ಆ ನಗರದಿಂದ. ಹನ್ನೊಂದಕ್ಕೆ ಅರ್ಧದಾರಿಯ ಡೀಸೆಲ್ ಬಂಕಿನಲ್ಲಿ ಇಬ್ಬರೂ ಸೇರಿ ಕೀಲಿ ಬದಲಿಸಿಕೊಳ್ಳುವುದು. ಇವರ ಲಾರಿ ಅವನು, ಅವನ ಲಾರಿ ಇವರು ಓಡಿಸಿಕೊಂಡು ನಾಲ್ಕು ಗಂಟೆಗೆಲ್ಲ ತಮ್ಮತಮ್ಮ ಊರು ಸೇರುವುದು. ಕಾಗದದ ಸುರುಳಿಗಳು ಆ ಕಡೆಗೆ, ಅಚ್ಚಾದ ಪುಸ್ತಕಗಳು ಈ ಕಡೆಗೆ. ಒಂದು ಲಾರಿಯ ನಂಬರು ಹದಿನೇಳರಲ್ಲಿ ಮುಗಿಯುತ್ತಿತ್ತು, ಇನ್ನೊಂದರದು ನಲವತ್ತನಾಲ್ಕರಲ್ಲಿ. ವಾರಕ್ಕೆ ಆರು ದಿನ ಅದಲುಬದಲು ನಡೆದರೆ, ಲೆಕ್ಕದ ಪ್ರಕಾರ ಪ್ರತಿ ಭಾನುವಾರ ಹದಿನೇಳು ಇವರ ಯಾರ್ಡಿನಲ್ಲೇ ಇರುತ್ತದೆ, ನಲವತ್ತನಾಲ್ಕು ಅವನ ಯಾರ್ಡಿನಲ್ಲಿ. ಹೀಗೆ ಹದಿನೇಳಕ್ಕೆ ಸ್ನಾನ ಮಾಡಿಸುವವರು ಮೇಷ್ಟ್ರು, ನಲವತ್ತನಾಲ್ಕಕ್ಕೆ ಅವನು. ಹೆಣ್ಣು ಮಕ್ಕಳನ್ನು ಹಂಚಿಕೊಂಡ ಹಾಗೆ.

ಆ ‘ಅವನು’ ಈಗ ಮೇಷ್ಟ್ರ ತಂಗಿಯ ಗಂಡ. ಸಂಬಂಧ ಕುದುರಿದ್ದೂ ಲಾರಿಯಿಂದಲೇ. ಅವನ ಕೈಯಿಂದ ಬಂದ ಕ್ಯಾಬಿನ್ನಿನಲ್ಲಿ ಒಂದು ಬೀಡಿ ತುಂಡಿಲ್ಲ, ಗಾಜಿನ ಮೇಲೆ ಒಂದು ಬೆರಳ ಗುರುತಿಲ್ಲ, ಸೀಟಿನ ಮೇಲೆ ದಿನವೂ ಒಗೆದ ಟವೆಲು. ಒಂದು ವರ್ಷ ನೋಡಿ ಮೇಷ್ಟ್ರು ಮನೆಯಲ್ಲಿ ಹೇಳಿದರು: “ಹುಡುಗನ ಮನೆ ನೋಡೋದು ಬೇಡ. ಕ್ಯಾಬಿನ್ ನೋಡಿದೀನಿ.” ಮದುವೆಯಾಗಿ ಎಂಟು ವರ್ಷವಾಯಿತು, ಎರಡು ಮಕ್ಕಳಾದವು. ಮೇಷ್ಟ್ರು ಅವನನ್ನು ಭಾವ ಎನ್ನುತ್ತಾರೆ. ಅವನು ಮಾತ್ರ ಹಳೆಯ ಅಭ್ಯಾಸ ಬಿಡದೆ ಮೇಷ್ಟ್ರೇ ಎಂದೇ ಕರೆಯುತ್ತಾನೆ.

ಕಂಪನಿಯ ನಿಯಮದಂತೆ ಲಾರಿ ತೆಗೆದುಕೊಳ್ಳುವವನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತಗ್ಗು, ಗೀರು, ಒಡಕು ಏನಿದ್ದರೂ ಚೀಟಿಯಲ್ಲಿ ಗುರುತು ಮಾಡಿ ಸಹಿ ಹಾಕಬೇಕು. ಇವರಿಬ್ಬರು ಮೊದಲ ತಿಂಗಳೇ ಅದನ್ನು ಕೈಬಿಟ್ಟಿದ್ದರು. ಭಾವನೆಂಟರಾದ ಮೇಲಂತೂ ಒಬ್ಬರ ಕಣ್ಣೆದುರಿಗೆ ಇನ್ನೊಬ್ಬರು ಲಾರಿ ಸುತ್ತಿ ನೋಡುವುದೆಂದರೆ ಊಟಕ್ಕೆ ಕರೆದವರ ಮನೆಯಲ್ಲಿ ಅನ್ನ ಮೂಸಿ ನೋಡಿದ ಹಾಗೆ. ಬಂಕಿನ ಪಕ್ಕದ ಚಹಾದಂಗಡಿಯಲ್ಲಿ ಕೂತು, ಚೀಟಿಯ ಇಪ್ಪತ್ತು ಚೌಕಗಳಿಗೂ ‘ಸರಿ’ ಗುರುತು ಹಾಕಿ, ಚಹಾ ಮುಗಿಯುವಷ್ಟರಲ್ಲಿ ಸಹಿ ಮುಗಿಸುತ್ತಿದ್ದರು.

ಎರಡು ತಿಂಗಳಿಂದ ಹದಿನೇಳರ ಎಡ ಮೈಮೇಲೆ ಗೀರುಗಳು ಕಾಣುತ್ತಿದ್ದವು. ಮೊದಲು ಸಣ್ಣವು, ಪೊದೆ ತರಚಿದಂಥವು. ಆಮೇಲೆ ಹಿಂದಿನ ಎಡ ದೀಪದ ಗಾಜು ಒಡೆಯಿತು. ಬಲಗಡೆ ಮಾತ್ರ ಕನ್ನಡಿಯ ಹಾಗೆ ಇತ್ತು. ಇನ್ನೊಂದು ವಿಚಿತ್ರವನ್ನೂ ಮೇಷ್ಟ್ರು ಗಮನಿಸಿದ್ದರು. ಬಂಕಿನಲ್ಲಿ ಲಾರಿ ಹತ್ತಿ ಕೂತಾಗಲೆಲ್ಲ ಎಡಗನ್ನಡಿ ಒಳಕ್ಕೆ ತಿರುಗಿರುತ್ತಿತ್ತು. ಅದರಲ್ಲಿ ರಸ್ತೆಯೇ ಇಲ್ಲ, ಬರೀ ಲಾರಿಯ ಹೊಟ್ಟೆ. ದಿನವೂ ಅದನ್ನು ಹೊರಕ್ಕೆ ತಳ್ಳಿ ರಸ್ತೆ ಕಾಣುವಂತೆ ಮಾಡಿಕೊಳ್ಳಬೇಕಾಗಿತ್ತು. ರಸ್ತೆ ಬಿಟ್ಟು ಲಾರಿಯ ಹೊಟ್ಟೆ ನೋಡಿಕೊಂಡು ಓಡಿಸುವವನು ಎಂಥ ಚಾಲಕ? ಒಂದೊಂದೇ ಕೂಡಿಸಿದಾಗ ಬಂದ ಉತ್ತರ ಒಂದೇ: ಭಾವನಿಗೆ ಎಡಗಡೆ ಕಾಣುತ್ತಿಲ್ಲ. ಮುಚ್ಚಿಟ್ಟುಕೊಂಡಿದ್ದಾನೆ.

ಗೀರುಗಳನ್ನು ಹೇಗೋ ನುಂಗಿಕೊಂಡಿದ್ದರು. ನೀಲಿ ಬಣ್ಣ ಗಂಟಲಲ್ಲಿ ಸಿಕ್ಕಿಕೊಂಡಿತು.

ಅಂದು ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂತರು. ಕೈ ತಾಗಿ ನೀರಿನ ಲೋಟ ಉರುಳಿತು.

“ಇದು ಈ ವಾರದ ನಾಲ್ಕನೇ ಲೋಟ ರೀ,” ಎಂದಳು ಹೆಂಡತಿ, ಬಟ್ಟೆ ತಂದು ಒರೆಸುತ್ತಾ. “ಬಾಗಿಲ ಚೌಕಟ್ಟಿಗೆ ಹೆಗಲು ಹೊಡ್ಕೊಳ್ಳೋದು, ಲೋಟ ಬೀಳ್ಸೋದು. ಪಕ್ಕದಲ್ಲಿ ಅರ್ಧ ಗಂಟೆಯಿಂದ ಕೂತಿದೀನಿ, ನನ್ನನ್ನೇ ಎಲ್ಲಿದೀಯಾ ಅಂತ ಕೂಗ್ತೀರಿ. ಲಾರಿ ಮೇಲಿರೋ ಗಮನ ನನ್ನ ಮೇಲೆ ಯಾವಾಗ ಬರುತ್ತೋ.”

“ತಲೆ ಕೆಟ್ಟಿದೆ, ಸುಮ್ನಿರೇ,” ಎಂದರು ಮೇಷ್ಟ್ರು.

“ತಲೆನೋವು ಮತ್ತೆ ಬಂತಾ? ಎರಡು ತಿಂಗಳ ಹಿಂದೆ ಬಂದಿತ್ತಲ್ಲ, ವಾಂತಿ ಮಾಡ್ಕೊಂಡು ಮಲಗಿದ್ರಿ.”

“ಅದಲ್ಲ.”

ಅವಳಿಗೆ ಭಾವನ ವಿಷಯ ಹೇಗೆ ಹೇಳುವುದು? ಊಟದ ಎಲ್ಲ ಪಾತ್ರೆ ತೊಳೆದಾದ ಮೇಲೆ ಅದೇ ಮೇಜಿನ ಮೇಲೆ ಕಂಪನಿಯ ಒಂದು ಫಾರಂ ಹರಡಿಕೊಂಡರು. ‘ಲಾರಿ ಓಡಿಸಲು ಯೋಗ್ಯನಲ್ಲದ ಚಾಲಕನ ಬಗ್ಗೆ ವರದಿ’. ಇಂಥ ಫಾರಂ ಒಂದಿದೆ ಎಂದು ಯಾರ್ಡಿನಲ್ಲಿ ಎಲ್ಲರಿಗೂ ಗೊತ್ತು, ತುಂಬಿದವರನ್ನು ಯಾರೂ ಕಂಡಿಲ್ಲ. ಗೀರುಗಳನ್ನು ತಾರೀಖಿನ ಸಮೇತ ಬರೆದರು. ಕನ್ನಡಿಯ ವಿಷಯ ಬರೆದರು. ನೀಲಿ ಗೀರಿನ ಉದ್ದ, ಅಗಲ, ಎತ್ತರ ಬರೆದರು. ಚಾಲಕನ ಹೆಸರು ಎಂಬಲ್ಲಿಗೆ ಬಂದಾಗ ತಂಗಿಯ ಮುಖ ಎದುರಿಗೆ ಬಂತು. ಭಾವನ ಲೈಸನ್ಸು ಹೋದರೆ ಆ ಮನೆಯ ಒಲೆ ಆರುತ್ತದೆ. ಒಡಹುಟ್ಟಿದವಳ ಹೊಟ್ಟೆಯ ಮೇಲೆ ಹೊಡೆಯುವುದಕ್ಕೆ ಅಣ್ಣನೇ ಬೇಕಾಯಿತೇ? ಆದರೆ ಸೈಕಲ್ಲಿನ ಮೇಲಿದ್ದವರಿಗೂ ಒಬ್ಬ ಅಣ್ಣನಿರಬಹುದು.

ಹೆಸರು ಬರೆದರು. ಸಹಿಗೆ ಜಾಗ ಬಿಟ್ಟರು. ಒಮ್ಮೆ ಎದುರಿಗೆ ನಿಲ್ಲಿಸಿ ಪರೀಕ್ಷೆ ಮಾಡದೆ ಸಹಿ ಹಾಕಬಾರದು ಅನ್ನಿಸಿತು.

ಸೋಮವಾರ ಹನ್ನೊಂದಕ್ಕೆ ಮೇಷ್ಟ್ರು ಹದಿನೇಳನ್ನು ಬಂಕಿನ ಅಂಗಳಕ್ಕೆ ತಂದಾಗ ನಲವತ್ತನಾಲ್ಕು ಆಗಲೇ ಬಂದು ನಿಂತಿತ್ತು. ಭಾವ ಚಹಾದಂಗಡಿಯಲ್ಲಿರಲಿಲ್ಲ. ಲಾರಿಯ ಪಕ್ಕದಲ್ಲೇ, ಬಿಸಿಲಿನಲ್ಲಿ, ಕೈಕಟ್ಟಿ ನಿಂತಿದ್ದ. ಮುಖ ನಿದ್ದೆಗೆಟ್ಟವರ ಹಾಗಿತ್ತು. ಅವನಿಗೂ ಅಳುಕು ಇದೆ ಎಂದುಕೊಂಡರು ಮೇಷ್ಟ್ರು.

“ಭಾವ, ಒಂದು ಕೆಲ್ಸ ಮಾಡು. ನನ್ನೆದುರಿಗೆ ನಿಂತ್ಕೊ. ಕಣ್ಣು ಅಲ್ಲಾಡಿಸ್ಬೇಡ, ನನ್ನ ಮೂಗು ನೋಡ್ತಿರು.”

ಭಾವ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಸುಮ್ಮನೆ ಬಂದು ನಿಂತ.

ಮೇಷ್ಟ್ರು ಕೈ ಅಗಲಿಸಿ ಅವನ ಎಡಗಡೆಗೆ ಬೆರಳು ಚಾಚಿದರು. “ಎಷ್ಟು?”

“ಎರಡು.”

“ಈಗ?”

“ನಾಲ್ಕು. ಈಗ ಮಡಚಿದ್ರಿ. ಈಗ ಹೆಬ್ಬೆರಳು.”

ಕೈಯನ್ನು ಇನ್ನೂ ಹಿಂದಕ್ಕೆ, ಕಿವಿಯ ನೇರಕ್ಕೆ ಒಯ್ದರು. “ಈಗ?”

“ಒಂದು. ಉಗುರು ಕತ್ತರಿಸ್ಕೊಳ್ಳಿ ಮೇಷ್ಟ್ರೇ.”

ಮೇಷ್ಟ್ರ ಕೈ ಗಾಳಿಯಲ್ಲೇ ನಿಂತಿತು. ನಿನ್ನೆ ಇಡೀ ದಿನ ಕಟ್ಟಿದ ಗೋಡೆಯ ತಳದ ಇಟ್ಟಿಗೆಯನ್ನೇ ಯಾರೋ ಎಳೆದ ಹಾಗಾಯಿತು. ಇವನಿಗೆ ಎಲ್ಲವೂ ಕಾಣುತ್ತಿದೆ. ಹಾಗಾದರೆ ಕಂಡೂ ಗುದ್ದಿದನೇ?

“ಈಗ ನನ್ನ ಸರದಿ,” ಎಂದ ಭಾವ. ಅವನ ದನಿ ಒಣಗಿತ್ತು. “ನೀವು ನನ್ನ ಮೂಗು ನೋಡಿ.”

“ನನಗ್ಯಾಕೆ?”

“ನೋಡಿ ಮೇಷ್ಟ್ರೇ. ನಿಮ್ಮ ಕಾಲಿಗೆ ಬೀಳ್ತೀನಿ, ನೋಡಿ.”

ನೋಡಿದರು. ಬಲಗಡೆ ಮೂರು ಬೆರಳು ಕಂಡವು, ಹೇಳಿದರು. ಆಮೇಲೆ ಒಂದು. ಆಮೇಲೆ ಐದು. ಅಲ್ಲಿಗೆ ಭಾವ ಆ ಕೈ ಇಳಿಸಿದ. ಮೇಷ್ಟ್ರು ಕಾದರು. ಬಂಕಿನಲ್ಲಿ ಯಾರೋ ಚಕ್ರಕ್ಕೆ ಗಾಳಿ ತುಂಬುತ್ತಿದ್ದ ಸದ್ದು. ಭಾವನ ಮೂಗಿನ ಮೇಲೆ ಬೆವರ ಹನಿ.

“ತೋರಿಸು, ಹೊತ್ತಾಯ್ತು,” ಎಂದರು.

“ತೋರಿಸ್ತಾ ಇದೀನಿ.”

“ಎಲ್ಲಿ?”

“ಆಗಿನಿಂದ ಕೈ ಬೀಸ್ತಾ ಇದೀನಿ ಮೇಷ್ಟ್ರೇ.”

ಮೇಷ್ಟ್ರು ಮುಖವನ್ನು ಎಡಕ್ಕೆ ತಿರುಗಿಸಿದರು. ಮೊಳ ದೂರದಲ್ಲಿ, ರೈಲಿನಲ್ಲಿ ಹೋಗುವವರಿಗೆ ಬೀಸುವ ಹಾಗೆ, ಒಂದು ದೊಡ್ಡ ಅಂಗೈ ಆಡುತ್ತಿತ್ತು. ಮುಖವನ್ನು ಮತ್ತೆ ಮೂಗಿನ ಕಡೆಗೆ ತಂದರು. ಅಂಗೈ ಇಲ್ಲವಾಯಿತು. ಅಲ್ಲಿ ಕತ್ತಲೆ ಇರಲಿಲ್ಲ, ಮಂಜಿರಲಿಲ್ಲ, ತೂತೂ ಇರಲಿಲ್ಲ. ನಮ್ಮ ಬೆನ್ನ ಹಿಂದಿನದು ಹೇಗೆ ಕಪ್ಪಾಗಿ ಕಾಣುವುದಿಲ್ಲವೋ, ಸುಮ್ಮನೆ ಕಾಣುವುದೇ ಇಲ್ಲವೋ, ಹಾಗೆ. ಇಲ್ಲದ್ದು ಇಲ್ಲವೆಂದು ತಿಳಿಯುವ ದಾರಿಯೇ ಅಲ್ಲಿರಲಿಲ್ಲ.

ಭಾವ ಅವರನ್ನು ಹಿಡಿದು ಲಾರಿಯ ಮೆಟ್ಟಿಲ ಮೇಲೆ ಕೂರಿಸಿದ. ಫೋನು ತೆಗೆದು ಫೋಟೋಗಳನ್ನು ಒಂದೊಂದಾಗಿ ಸರಿಸಿದ. ಒಂದು ತಿಂಗಳಿಂದ, ಲಾರಿ ಕೊಡುವ ಮುಂಚೆ ಒಂದು, ಮಾರನೆಯ ದಿನ ಮೇಷ್ಟ್ರು ಅದನ್ನೇ ತಂದುಕೊಟ್ಟು ಹೊರಟ ಮೇಲೆ ಇನ್ನೊಂದು. ಕೊಟ್ಟಾಗ ಇಲ್ಲದ್ದು, ವಾಪಸು ಬಂದಾಗ ಹೊಸ ಗೀರು. ಬರೀ ಹದಿನೇಳಲ್ಲ, ಮೇಷ್ಟ್ರು ಎಂದೂ ತೊಳೆಯದ, ಎಂದೂ ಹತ್ತಿರದಿಂದ ನೋಡದ ನಲವತ್ತನಾಲ್ಕರ ಎಡ ಮೈಯೂ ಬೆಕ್ಕು ಪರಚಿದ ಹಾಗಿತ್ತು. ಕೊನೆಯದು ಮೊನ್ನೆ ಶನಿವಾರ ಹನ್ನೊಂದು ಗಂಟೆಯ ಫೋಟೋ. ಹದಿನೇಳರ ಮುಂದಿನ ಎಡ ಮೂಲೆ ಬಿಳಿಯಾಗಿತ್ತು. ನೀಲಿ ಇರಲಿಲ್ಲ.

ಶನಿವಾರ ಹನ್ನೊಂದರ ಮೇಲೆ ಆ ಲಾರಿ ಓಡಿಸಿದವರು ಮೇಷ್ಟ್ರೊಬ್ಬರೇ.

ಅಂಗಿಯ ಜೇಬಿನೊಳಗಿನ ಫಾರಂ ತೆಗೆದು ಭಾವನಿಗೆ ಕೊಟ್ಟರು. ಮುಚ್ಚಿಡುವುದಕ್ಕೆ ಮನಸ್ಸಾಗಲಿಲ್ಲ. ಭಾವ ನಿಧಾನವಾಗಿ ಓದಿದ. ತನ್ನ ಹೆಸರಿನ ಹತ್ತಿರ ಕಣ್ಣು ತುಸು ಹೊತ್ತು ನಿಂತಿತು.

“ಎಲ್ಲಾ ಸರಿಯಾಗಿ ಬರ್ದಿದೀರಿ,” ಎಂದು ವಾಪಸು ಕೊಟ್ಟ. “ಹೆಸರೊಂದು ತಪ್ಪು.”

“ನನ್ನನ್ನ ಬೈಯೋ ಮಾರಾಯ.”

“ನನಗೇನು ಹಕ್ಕಿದೆ? ನೀವು ಒಂದು ದಿನದಲ್ಲಿ ಬರೆದ್ರಿ. ನಾನು ಒಂದು ತಿಂಗಳು ಫೋಟೋ ತೆಕ್ಕೊಂಡು ಕೂತೆ. ಗೆರೆ ಮೇಷ್ಟ್ರಿಗೆ ಹೇಗಪ್ಪಾ ಹೇಳೋದು, ನಾಳೆ ಹೇಳಣ, ನಾಡಿದ್ದು ಹೇಳಣ ಅಂತ. ನಿನ್ನೆ ನಿಮ್ಮ ತಂಗಿಗೆ ಬಾಯಿ ಬಿಟ್ಟೆ. ‘ಯಾರಾದ್ರೂ ಸತ್ತಿದ್ರೆ ಏನ್ ಮಾಡ್ತಿದ್ರಿ’ ಅಂದ್ಲು. ಊಟಕ್ಕೂ ಕರೀಲಿಲ್ಲ.”

ಮೇಷ್ಟ್ರು ತಲೆಯೆತ್ತಿದರು. “ಯಾರೂ ಸತ್ತಿಲ್ಲ ಅಂತ ಹೇಗೆ ಗೊತ್ತು?”

ಇಬ್ಬರೂ ಹದಿನೇಳರ ಮೂಲೆಯನ್ನು ನೋಡಿದರು. ಬಿಸಿಲಿಗೆ ಆ ನೀಲಿ ಹೊಳೆಯುತ್ತಿತ್ತು.

ಸೂಪರ್‌ವೈಸರನಿಗೆ ಫೋನು ಮಾಡಿದವರು ಮೇಷ್ಟ್ರೇ. ಮೊದಲು ಅವನು ತಮಾಷೆ ಎಂದುಕೊಂಡು ನಕ್ಕ. ಆಮೇಲೆ ನಗು ನಿಂತಿತು. ಹದಿನೇಳು ಬಂಕಿನಲ್ಲೇ ಇರಲಿ, ಬೇರೆ ಚಾಲಕನನ್ನು ಕಳಿಸುತ್ತೇನೆ, ನಲವತ್ತನಾಲ್ಕನ್ನು ಭಾವನೇ ಈ ಕಡೆಗೆ ತರಲಿ ಎಂದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಭಾವ ಲಾರಿ ಓಡಿಸಿಕೊಂಡು ಅರ್ಧದಾರಿಯ ಗೆರೆ ದಾಟಿ ಇತ್ತ ಬಂದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಮೇಷ್ಟ್ರು ಎಡಗಡೆಯ ಸೀಟಿನಲ್ಲಿ ಕೂತರು.

ಕಣ್ಣಿನದಲ್ಲ, ತಲೆಯೊಳಗಿನದು ಎಂದು ಡಾಕ್ಟರು ಆಮೇಲೆ ವಿವರಿಸಿದರು. ಆ ತಲೆನೋವಿನ ದಿನ ಮಿದುಳಿನ ಹಿಂಬದಿಯಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡು, ಎರಡೂ ಕಣ್ಣುಗಳ ಎಡ ಅರ್ಧದ ನೋಟವನ್ನು ಅಳಿಸಿಹಾಕಿತ್ತು. ಆದರೆ ಸೋಮವಾರ ಆ ಸೀಟಿನಲ್ಲಿ ಕೂತಾಗ ಮೇಷ್ಟ್ರಿಗೆ ಅದೊಂದೂ ಗೊತ್ತಿರಲಿಲ್ಲ. ಕನ್ನಡಿಯ ಗುಟ್ಟು ಮಾತ್ರ ತಾನಾಗಿ ಬಿಡಿಸಿಕೊಂಡಿತು. ಎಡಗನ್ನಡಿಯಲ್ಲಿ ಒಳ ಅರ್ಧ ಲಾರಿ, ಹೊರ ಅರ್ಧ ರಸ್ತೆ. ಹೊರ ಅರ್ಧ ತಮಗೆ ಕಾಣುತ್ತಿರಲಿಲ್ಲ. ಅದಕ್ಕೇ ಬರೀ ಲಾರಿಯ ಹೊಟ್ಟೆ. ಭಾವ ಸರಿಯಾಗಿ ಇಟ್ಟು ಕೊಡುತ್ತಿದ್ದ ಕನ್ನಡಿಯನ್ನು ದಿನವೂ ಕೆಡಿಸಿದವರು ತಾವು. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ತಟ್ಟೆಯ ನೊಣ ಹುಡುಕಿದ್ದರು.

ದಾರಿಯುದ್ದಕ್ಕೂ ಕತ್ತನ್ನು ಎಡಕ್ಕೆ ತಿರುಗಿಸಿಯೇ ಕೂತಿದ್ದರು. ಎರಡು ತಿಂಗಳಿಂದ ಕಾಣದ ರಸ್ತೆಯ ಅಂಚು ತುಂಡುತುಂಡಾಗಿ ಎದುರು ಬಂತು. ಅಲ್ಲಿ ಎಷ್ಟೊಂದು ಜನ! ತಲೆಯ ಮೇಲೆ ಸೌದೆ ಹೊತ್ತವರು, ಶಾಲೆಯ ಚೀಲದವರು, ಆಡು ಹೊಡೆದುಕೊಂಡು ಹೋಗುವ ಮುದುಕ. ಸೈಕಲ್ಲುಗಳು. ನೀಲಿ ಸೈಕಲ್ಲು ಕಂಡಾಗಲೆಲ್ಲ ಅದರ ಮೇಲಿದ್ದವರ ಕೈಕಾಲು ಎಣಿಸಿದರು.

“ಶನಿವಾರ ಎಲ್ಲಾದ್ರೂ ಸದ್ದು ಕೇಳಿಸ್ತಾ, ನೆನಪು ಮಾಡ್ಕೊಳ್ಳಿ,” ಎಂದ ಭಾವ.

“ಇಲ್ಲ ಕಣೋ. ಏನೂ ಇಲ್ಲ. ಅದೇ ಹೆದರಿಕೆ.”

ನಾಲ್ಕು ಗಂಟೆಗೆ ಯಾರ್ಡು ಬಂತು. ಒಳಬರುವ ಗೇಟು ಬೇರೆ, ಹೊರಹೋಗುವ ಗೇಟು ಬೇರೆ. ಒಳಗೇಟಿಗೆ ಮೇಷ್ಟ್ರು ಲಾರಿಯಲ್ಲಲ್ಲದೆ ಬರುತ್ತಿರಲಿಲ್ಲ, ನಡೆದು ಹೋಗಿ ಬರುವುದೆಲ್ಲ ಹೊರಗೇಟಿನಿಂದ. ಚರಂಡಿಯ ಮೇಲೆ ಹಾಸಿದ ಕಬ್ಬಿಣದ ತಗಡು ಚಕ್ರದಡಿ ಎಂದಿನಂತೆ ಧಡಾರನೆ ಬಡಿದುಕೊಂಡಿತು. ಆಗ ಎಡಗಡೆ ಗೇಟಿನ ಕಂಬ ಮೇಷ್ಟ್ರ ಕಿಟಕಿಯ ಎದುರಿಗೇ ಬಂತು. ಸದಾ ತುಕ್ಕು ಹಿಡಿದಿರುತ್ತಿದ್ದ ಆ ಕಂಬಕ್ಕೆ ಹೊಸ ಬಣ್ಣ ಬಳಿದಿದ್ದರು. ನೀಲಿ.

“ನಿಲ್ಸು!”

ಇಳಿದು ಟೇಪು ಹಿಡಿದರು. ಕಂಬದ ಮೇಲೆ ಒಂದು ಗೇಣುದ್ದ ಬಣ್ಣ ಕಿತ್ತು ಒಳಗಿನ ತುಕ್ಕು ಕಾಣುತ್ತಿತ್ತು. ನೆಲದಿಂದ ತೊಂಬತ್ತಾರು ಸೆಂಟಿಮೀಟರು. ಇನ್ನೊಮ್ಮೆ ಅಳೆದರು. ತೊಂಬತ್ತಾರು.

“ಕಂಬ, ಭಾವ! ಬರೀ ಕಂಬ!” ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡುಬಿಟ್ಟರು. ಕಣ್ಣಲ್ಲಿ ನೀರು ಬಂತು. ಸೈಕಲ್ಲಿಲ್ಲ, ಯಾರೂ ಇಲ್ಲ.

“ಶನಿವಾರ ಬೆಳಿಗ್ಗೆ ಬಳಿದ್ರು,” ಎಂದಿತು ಒಂದು ದನಿ. “ಸಂಜೆಗೆ ನೀವು ಒರೆಸ್ಕೊಂಡು ಹೋದ್ರಿ.”

ಎಲ್ಲಿಂದ ಎಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಬಲಕ್ಕೆ ನೋಡಿದರು, ಯಾರೂ ಇಲ್ಲ. ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದಾಗ ಕೈಯಳತೆಯಲ್ಲೇ ಗೇಟಿನಕ್ಕ ನಿಂತಿದ್ದಳು, ಕಂಕುಳಲ್ಲಿ ಲಾರಿಗಳ ನಂಬರು ಬರೆಯುವ ಪುಸ್ತಕ. ಹನ್ನೆರಡು ವರ್ಷದಿಂದ ಈ ಗೇಟು ಕಾಯುವವಳು.

“ಸದ್ದು ಕೇಳ್ಸಿತ್ತಾ ನಿನಗೆ?”

“ಈ ತಗಡಿನ ಗಲಾಟೇಲಿ ಏನು ಕೇಳುತ್ತೆ? ಕಂಬ ಅಲ್ಲಾಡಿದ್ದು ಕೋಣೆ ಕಿಟಕಿಯಿಂದ ಕಂಡೆ.”

“ಒಳಗಿದ್ಯಾ?”

“ನಿಮ್ಮ ಲಾರಿ ತಿರುವಿನಲ್ಲಿ ಕಂಡ್ರೆ ಕುರ್ಚಿ ಎತ್ಕೊಂಡು ಒಳಗೆ ಹೋಗ್ತೀನಿ. ಎರಡು ತಿಂಗಳಾಯ್ತು.” ಅವಳ ಮಾತಿನಲ್ಲಿ ದೂರಿರಲಿಲ್ಲ, ಮಳೆ ಬಂದರೆ ಬಟ್ಟೆ ಒಳಗೆ ಹಾಕುತ್ತೇನೆ ಎಂದ ಹಾಗಿತ್ತು. “ಒಂದಿನ ಕುರ್ಚಿ ಕಾಲು ಮುರೀತು. ನಾನು ನೀರು ಕುಡಿಯೋಕೆ ಎದ್ದಿದ್ದೆ, ಬಚಾವು. ಅದಕ್ಕೆ ಮುಂಚೆನೂ ಕೈ ಎತ್ತಿ ನಮಸ್ಕಾರ ಮಾಡಿದ್ರೆ ನೀವು ತಿರುಗಿ ನೋಡ್ತಿರ್ಲಿಲ್ಲ. ಮೇಷ್ಟ್ರಿಗೆ ಈಗೀಗ ಜಂಬ ಬಂತು ಅಂದ್ಕೊಂಡೆ.”

“ಯಾಕೆ ಹೇಳ್ಲಿಲ್ಲ ನನಗೆ?” ಎಂದರು ಮೇಷ್ಟ್ರು.

“ನಿಮಗಾ?” ಗೇಟಿನಕ್ಕ ಭಾವನ ಕಡೆ ನೋಡಿ ನಕ್ಕಳು. “ಗೆರೆ ಮೇಷ್ಟ್ರಿಗೆ ಗೆರೆ ತೋರ್ಸೋಕಾಗುತ್ತಾ? ಆಮೇಲೆ ಎಲ್ಲರೂ ನನ್ನನ್ನೇ ಆಡ್ಕೊಳ್ತಿದ್ರು.”

ಕಂಬದ ಬುಡದಲ್ಲಿ ಸಿಮೆಂಟಿನ ಮೇಲೆ ನಾಲ್ಕು ಸವೆದ ಗುರುತುಗಳಿದ್ದವು. ಹನ್ನೆರಡು ವರ್ಷ ಒಂದೇ ಜಾಗದಲ್ಲಿ ಕೂತ ಕುರ್ಚಿಯ ಕಾಲುಗಳವು. ಕಂಬದಿಂದ ಅಲ್ಲಿಗೆ ಎಷ್ಟು ದೂರವೆಂದು ಅಳೆಯಲು ಮೇಷ್ಟ್ರು ಟೇಪು ಎಳೆದರು. ಒಂದು ಅಡಿಯಾಗುವಷ್ಟರಲ್ಲಿ ಕೈ ನಿಂತುಹೋಯಿತು. ಟೇಪು ತಾನಾಗಿ ಸರ್ರನೆ ಒಳಕ್ಕೆ ಸುತ್ತಿಕೊಂಡಿತು.

ಜೇಬಿನಿಂದ ಫಾರಂ ತೆಗೆದರು. ಭಾವನ ಹೆಸರು ಹೊಡೆದುಹಾಕಿ ತಮ್ಮದನ್ನು ಬರೆದು, ಕೆಳಗೆ ಸಹಿ ಹಾಕಿ, ಅವಳ ಕೈಗೇ ಕೊಟ್ಟರು. “ಸೂಪರ್‌ವೈಸರ್‌ಗೆ ಕೊಟ್ಬಿಡಕ್ಕ. ಇನ್ನು ಮೇಲೆ ನಾನು ಲಾರಿ ಓಡ್ಸಲ್ಲ.”

ಗೇಟಿನಕ್ಕ ಫಾರಂ ಓದಿದಳು. ನಗು ಮುಖದಲ್ಲೇ ಇಂಗಿತು. ಇವರನ್ನೊಮ್ಮೆ, ಕಂಬವನ್ನೊಮ್ಮೆ ನೋಡಿದಳು. ಕಾಗದವನ್ನು ಪುಸ್ತಕದೊಳಗೆ ಇಟ್ಟುಕೊಂಡು ಕೋಣೆಗೆ ಹೋದಳು.

ಹೊರಗೆ ಬಂದಾಗ ಅವಳ ಕೈಯಲ್ಲಿ ಕುರ್ಚಿಯಿತ್ತು, ಒಂದು ಕಾಲಿಗೆ ಮರದ ಪಟ್ಟಿ ಕಟ್ಟಿ ತಂತಿ ಬಿಗಿದದ್ದು. ಅದನ್ನು ತಂದು, ನಾಲ್ಕೂ ಕಾಲುಗಳನ್ನು ಹಳೆಯ ಗುರುತುಗಳ ಮೇಲೆ ಸರಿಯಾಗಿ ಹೊಂದಿಸಿ ಇಟ್ಟು, ಕೂತಳು.